ಆಮೆ ಆರಿಸಿದ ಲ್ಯಾಪ್‌ಟಾಪ್

ಹೊಳೆ ಯಾವಾಗ ಉಕ್ಕುತ್ತದೆಂದು ಲೆಕ್ಕ ಹಾಕಿ ದಡದ ಇಲಿಗಳನ್ನು ಎಚ್ಚರಿಸುವುದು ಮಿಂಚುಳ್ಳಿಯ ಉದ್ಯೋಗ. ಹಳೆಯ ಲ್ಯಾಪ್‌ಟಾಪ್ ಕೈಕೊಟ್ಟಾಗ ಅದು ವೇಗದ ಹೊಸದೊಂದನ್ನು ಕೇಳಿತು. ಖರೀದಿಯ ಅಧಿಕಾರ ಆಮೆಯದು. ಆಮೆಯ ವಾಸ ಹೊಳೆಯಲ್ಲೇ. ನೆರೆ ಬಂದರೆ ಅದರ ಮನೆ ದೊಡ್ಡದಾಗುತ್ತದೆ, ಅಷ್ಟೇ. ಎರಡೂ ಜೊತೆಯಾಗಿ ಅಂಗಡಿಗೆ ಹೊರಟವು. ಆಮೆಯ ನಡಿಗೆಯಲ್ಲಿ ಹೋದದ್ದರಿಂದ ಮೂರು ದಿನ ಹಿಡಿಯಿತು.

ಮಿಂಚುಳ್ಳಿ ತೋರಿಸಿದ ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಂಡಿತು. ಆಮೆ ಬೆಚ್ಚಿ ಚಿಪ್ಪಿನೊಳಗೆ ಸೇರಿತು.

"ಇಷ್ಟೊಂದು ಅವಸರ ಯಾರಿಗಿದೆಯಮ್ಮಾ?" ಎಂದು ಒಳಗಿನಿಂದಲೇ ಕೇಳಿತು.

"ಹೊಳೆಗಿದೆ ಸ್ವಾಮಿ. ನೀರು ಬರುವ ಮೊದಲೇ ನನ್ನ ಲೆಕ್ಕ ಮುಗಿಯಬೇಕು."

ಆಮೆ ಮೂಲೆಯಲ್ಲಿದ್ದ ಇನ್ನೊಂದರ ಗುಂಡಿ ಒತ್ತಿತು. ಅದು ತೆರೆದುಕೊಳ್ಳುವಷ್ಟರಲ್ಲಿ ಒಂದು ನಿದ್ದೆ ಮುಗಿಸಿ, "ಆಹಾ, ಏನು ವೇಗ! ನಾನೇ ಖುದ್ದಾಗಿ ಪರೀಕ್ಷಿಸಿದ್ದೇನೆ," ಎಂದು ಸಹಿ ಹಾಕಿತು.

ಆ ಮಳೆಗಾಲದಲ್ಲಿ ನೆರೆ ಬಂದು ಬಿಲಗಳೆಲ್ಲ ಮುಳುಗಿದ ಮರುದಿನ ಯಂತ್ರ ಲೆಕ್ಕ ಮುಗಿಸಿತು. ಮಿಂಚುಳ್ಳಿ ಅದನ್ನು ತಂದು ಆಮೆಯ ಮುಂದೆ ಕುಕ್ಕಿತು.

"ನೋಡಿ, ನಿನ್ನೆ ನೆರೆ ಬರುತ್ತದಂತೆ! ಹೋಗಿ ಇಲಿಗಳಿಗೆ ಹೇಳಿ ಬನ್ನಿ, ಒಂದಾದರೂ ಉಳಿದಿದ್ದರೆ!"

"ಲೆಕ್ಕ ಸರಿಯಾಗಿಯೇ ಇದೆಯಲ್ಲ," ಎಂದಿತು ಆಮೆ. "ನಿನಗೆ ಸಿಟ್ಟು ಜಾಸ್ತಿ."

ಮಿಂಚುಳ್ಳಿಯನ್ನು ಅಂದೇ ಕೆಲಸದಿಂದ ತೆಗೆಯಲಾಯಿತು; ಆಮೆ ಇಷ್ಟು ಬೇಗ ಬೇರೇನನ್ನೂ ಮಾಡಿದ್ದಿಲ್ಲ. ಆ ಜಾಗಕ್ಕೆ ಈಗ ಬಸವನಹುಳು ಬಂದಿದೆ. ಲ್ಯಾಪ್‌ಟಾಪಿನ ಬಗ್ಗೆ ಈವರೆಗೆ ಒಂದು ದೂರೂ ಇಲ್ಲ.