ಹಾಡಿಗೆ ಬಂದ ಬೀಗ

"ನನ್ನಿಂದ ಏನೂ ಬೇಡದವನನ್ನು ಈ ರಾಜ್ಯದಲ್ಲಿ ತೋರಿಸಿ ನೋಡೋಣ" ಎಂದು ಹೊನ್ನಗುಂದದ ದೊರೆ ಬೊಮ್ಮರಸ ತುಂಬಿದ ಸಭೆಯಲ್ಲಿ ಕೊಚ್ಚಿಕೊಂಡ.

ಕೊಚ್ಚಿಕೊಳ್ಳುವುದಕ್ಕೆ ಕಾರಣವೂ ಇತ್ತು. ಅವನ ಊರಿನಲ್ಲಿ ಹಳೆಯ ಚಪ್ಪಲಿ ಸವೆಯುವ ಮೊದಲೇ ಹೊಸದು ಕೊಳ್ಳದವನಿಗೆ ಏನೋ ಕಾಯಿಲೆಯೆಂದು ಜನ ಮರುಗುತ್ತಿದ್ದರು. ಪಕ್ಕದ ಮನೆಗೆ ಕನ್ನಡಿ ಬಂದ ದಿನ ಈ ಮನೆಯಲ್ಲಿ ಒಲೆ ಹತ್ತುತ್ತಿರಲಿಲ್ಲ. ಹೀಗೆ ಆಸೆ ಹತ್ತಿದವರೆಲ್ಲ ಕೊನೆಗೆ ಕೈಚಾಚುತ್ತಿದ್ದುದು ಅರಮನೆಯ ಬಾಗಿಲಲ್ಲೇ.

"ಬೆಟ್ಟದ ಹಾಡಿಯವರಿದ್ದಾರಲ್ಲ ಮಹಾಸ್ವಾಮಿ" ಎಂದ ಸೇನಾಪತಿ. ಕಾಡಿನ ನಡುವೆ ಹಾಡಿಯ ಗುಡಿಸಲುಗಳಲ್ಲಿ ಬೇಟೆ, ಗೆಡ್ಡೆ, ಜೇನು ನೆಚ್ಚಿ ಬದುಕುವ ಆ ಜನಕ್ಕೆ ದೊರೆ ಮೂರು ಸಲ ರೇಷ್ಮೆ ಶಾಲು ಕಳಿಸಿದ್ದ. ಮೂರು ಸಲವೂ ಶಾಲು ವಾಪಸು ಬಂದಿತ್ತು, ಜೊತೆಗೊಂದು ಸೋರೆಬುರುಡೆ ತುಂಬ ಜೇನು.

ದೊರೆಯ ಮುಖ ಕೆಂಪಾಯಿತು. "ಬೇಡದವನು ಹೆದರುವುದೂ ಇಲ್ಲ. ಸಂಕಣ್ಣ, ಒಂದು ತಿಂಗಳಲ್ಲಿ ಅವರಿಗೆ ಆಸೆ ಕಲಿಸು. ಕಲಿಯದಿದ್ದರೆ ಹಾಡಿಗೆ ಬೆಂಕಿ ಇಡಿಸಿ, ಅಷ್ಟೂ ಜನರನ್ನು ಕೋಟೆಗೆ ಕಲ್ಲು ಹೊರಲು ಎಳೆತರುತ್ತೇನೆ."

ಸಂಕಣ್ಣ ಆಸ್ಥಾನದ ವಿನೋದಗಾರ. ದೊರೆಗೆ ಇಲ್ಲವೆನ್ನುವ ಧೈರ್ಯ ಅವನಿಗಿರಲಿಲ್ಲ. ಹೌದೆನ್ನುತ್ತಲೇ ಇಲ್ಲವೆನ್ನುವ ವಿದ್ಯೆ ಇತ್ತು.

ಅವನು ಹಾಡಿಗೆ ಹೋದಾಗ ಯಜಮಾನ ಜಡೆಯಜ್ಜ ಕಾಡುಹಂದಿಯ ಮಾಂಸ ಪಾಲು ಹಾಕುತ್ತಿದ್ದ. ಒಂದು ಪಾಲು ಸಂಕಣ್ಣನ ಮುಂದೆಯೂ ಬಂತು.

"ನಾನು ಬೇಟೆಗೆ ಬಂದಿರಲಿಲ್ಲವಲ್ಲ ಅಜ್ಜ?"

"ಪಾಲು ಹಾಕೋದ ಕಂಡ್ಯಲ್ಲ. ಕಂಡೋರಿಗೂ ಒಂದು ಪಾಲು."

ಸಂಕಣ್ಣನಿಗೆ ನಾಚಿಕೆಯಾಯಿತು. ದೊರೆಯ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿ, "ಏನಾದರೂ ಬೇಡು ಅಜ್ಜ" ಎಂದ.

"ಏನು ಬೇಡ್ಲಿ? ಬೇಡಿದ್ದ ಹೊತ್ಕೊಂಡು ಬೆಟ್ಟ ಹತ್ತೋನು ನಾನೇ ಅಲ್ವಾ?"

"ಒಂದು ಬೀಗ ಬೇಡು ಸಾಕು. ಉಳಿದದ್ದು ತಾನಾಗಿ ಬರುತ್ತದೆ."

ಜಡೆಯಜ್ಜ ಬೀಗ ಬೇಡಿದ. ದೊರೆ ಹಿಗ್ಗಿ ಹೀರೇಕಾಯಿಯಾಗಿ ಹಿತ್ತಾಳೆಯ ಬೀಗ ಕೊಟ್ಟ. ಮೂರನೇ ದಿನ ಅಜ್ಜ ಮತ್ತೆ ಬಂದ. ಬೀಗ ಹಾಕಲು ಪೆಟ್ಟಿಗೆ ಬೇಕಿತ್ತು. ಪೆಟ್ಟಿಗೆ ನೆನೆಯದಿರಲು ಹೆಂಚಿನ ಮನೆ ಬೇಕಾಯಿತು. ಒಬ್ಬನಿಗೆ ಮನೆ ಬಂದ ಮೇಲೆ ಉಳಿದವರು ಬಿಟ್ಟಾರೆಯೇ? ಅರಮನೆಯ ಬಡಗಿ, ಗಾರೆಯವರೆಲ್ಲ ಮನೆಗೊಂದು ಬೀಗವನ್ನೂ ಹೊತ್ತು ಬೆಟ್ಟ ಹತ್ತಿದರು.

ನೋಡಿಬರಲು ಹೋದ ಅಧಿಕಾರಿ ಹಣೆ ಚಚ್ಚಿಕೊಂಡ. ಪ್ರತಿ ಬೀಗದ ಪಕ್ಕದಲ್ಲೇ ಅದರ ಕೀಲಿ ನೇತಾಡುತ್ತಿತ್ತು.

"ಕೀಲಿ ಬಚ್ಚಿಡಬೇಕಯ್ಯಾ!"

"ಬೇಕಾದೋರು ಬಂದ್ರೆ ಹೆಂಗೆ ತೆಗೀತಾರೆ ಬುದ್ಧಿ?"

ಕಳ್ಳ ಎಂದರೇನೆಂದು ವಿವರಿಸಲು ಅಧಿಕಾರಿಗೆ ಅರ್ಧ ದಿನ ಹಿಡಿಯಿತು. ಅರ್ಥವಾದ ಮೇಲೆ ಹಾಡಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮರುದಿನದಿಂದ ಗಂಡಸರೆಲ್ಲ ತಂತಮ್ಮ ಮನೆಗೆ ಕಾವಲು ಕೂತರು.

ಆಮೇಲೆ ಒಂದು ಬೆಳಿಗ್ಗೆ ದೊರೆಯ ರೊಟ್ಟಿಗೆ ಹಾಡಿಯಿಂದ ಬರುತ್ತಿದ್ದ ಜೇನಿರಲಿಲ್ಲ. ಮಾರನೆಯ ದಿನವೂ ಇಲ್ಲ. ಮೂರನೆಯ ದಿನ ದೊರೆ ತಟ್ಟೆ ಎಸೆದು ಜಡೆಯಜ್ಜನನ್ನು ಕರೆಸಿದ.

"ಜೇನು ಎಲ್ಲಯ್ಯಾ?"

"ಮರದ ಮ್ಯಾಲೈತೆ ಬುದ್ಧಿ. ಹತ್ತೋರಿಲ್ಲ, ಎಲ್ಲ ಕಾವಲಿಗವ್ರೆ. ಬೇಟೆಗೂ ಆಳಿಲ್ಲ, ಅದಕ್ಕೇ ಇನ್ಮ್ಯಾಕೆ ಅಕ್ಕಿ ಅರಮನೆಯಿಂದ್ಲೇ ಕೊಡಿಸಬೇಕು. ಅಕ್ಕಿ ಇಡೋಕೆ ಕಣಜ ಬೇಕು. ಕಣಜಕ್ಕೆ ಇಲಿ ಬತ್ತವೆ, ಬೆಕ್ಕು ಬೇಕು. ಬೆಕ್ಕಿಗೆ ಹಾಲು ಬೇಕಲ್ಲ, ಹಸ..."

"ನಿಲ್ಲಿಸು!" ದೊರೆ ಕಿವಿ ಮುಚ್ಚಿಕೊಂಡ. "ಸಂಕಣ್ಣ, ಇದೇನು ಕಲಿಸಿದೆಯಯ್ಯಾ ಇವರಿಗೆ?"

"ತಾವು ಹೇಳಿದ್ದನ್ನೇ ಮಹಾಸ್ವಾಮಿ. ತಿಂಗಳು ತುಂಬಲು ಇನ್ನೂ ಹತ್ತು ದಿನ ಇದೆ."

"ಹತ್ತು ದಿನವೂ ಬೇಡ, ಹತ್ತು ಗಳಿಗೆಯೂ ಬೇಡ. ಆಜ್ಞೆ ರದ್ದು. ಅಜ್ಜ, ಕಾಡು ನಿಮ್ಮದೇ, ಮೊದಲಿನ ಹಾಗೆ ಇರಿ. ಯಾರೂ ನಿಮ್ಮ ತಂಟೆಗೆ ಬರುವುದಿಲ್ಲ." ದೊರೆ ಬೆವರು ಒರೆಸಿಕೊಂಡ. "ಒಂದು ಮಾತು ಹೇಳಿಹೋಗು. ಇಷ್ಟೆಲ್ಲ ಬೇಡಿದೆಯಲ್ಲ, ಎಲ್ಲಿಗೆ ಬಂದು ಸಾಕು ಅನ್ನುತ್ತಿದ್ದೆ?"

ಜಡೆಯಜ್ಜ ತಲೆ ಕೆರೆದುಕೊಂಡ.

"ನಂಗೇನು ಗೊತ್ತು ಬುದ್ಧಿ? ನಾವು ಶುರು ಮಾಡಿ ಇಪ್ಪತ್ತು ದಿನ ಆಗೈತೆ. ತಮ್ಮದು ಮೂರು ತಲೆಮಾರು. ತಮ್ಮನ್ನೇ ಕೇಳ್ಕೊಂಡು ಹೋಗವ ಅಂತ ನಾನೂ ಬಂದೆ."