ಹೆದೆ ಇಳಿಸಗೊಡದ ಬಿಲ್ಲು

ಮುದಿ ಬೇಡ ದೊಡ್ಡಬೋರನ ಬಿದಿರಿನ ಬಿಲ್ಲಿಗೆ ಮೂವತ್ತು ವರ್ಷ ಕಳೆದರೂ ಬೇಟೆಯ ಹುಚ್ಚು ಇಳಿದಿರಲಿಲ್ಲ. ಬೇಟೆ ಮುಗಿಸಿ ಮನೆಗೆ ಬಂದ ಕೂಡಲೇ ಬೇಡ ಹೆದೆಯನ್ನು ಬಿಚ್ಚಿ, ಬಿಲ್ಲನ್ನು ನೆಟ್ಟಗೆ ಮಲಗಿಸುತ್ತಿದ್ದ. ಬಿಲ್ಲಿಗೆ ಅದೇ ಅವಮಾನ. ಒಂದು ಸಂಜೆ ಅದು ಹೆದೆಯ ಕುಣಿಕೆಯನ್ನು ಕಚ್ಚಿ ಹಿಡಿದುಕೊಂಡಿತು. ಬೇಡನ ಬೆರಳುಗಳು ಸೋತವು. ಅದನ್ನು ಹಾಗೆಯೇ ಗೋಡೆಗೆ ತೂಗುಹಾಕಿದ.

“ಬಿಡಣ್ಣ, ಬೆನ್ನು ನೆಟ್ಟಗಾಗಲಿ. ಹೀಗೇ ಇದ್ದರೆ ನಿನ್ನ ಕಸುವು ಸತ್ತುಹೋಗುತ್ತದೆ,” ಎಂದಿತು ಹೆದೆ.

“ಮಲಗುವುದು ದಣಿದವರ ಕೆಲಸ. ಮೊನ್ನೆ ಹೊಸೆದ ನಾರು ನೀನು, ನನಗೆ ಬೇಟೆ ಕಲಿಸುತ್ತೀಯಾ?”

ಮಳೆಗಾಲವೆಲ್ಲ ಬಿಲ್ಲು ಬಾಗಿಕೊಂಡೇ ಕಾಯುತ್ತಿತ್ತು. ಮಳೆ ನಿಂತ ಮೇಲೆ ಬೇಡ ಅದನ್ನು ಹಿಡಿದು ಕಾಡಿಗೆ ಹೋದ. ಕಾಡುಹಂದಿಯೊಂದು ಎದುರಿಗೇ ನುಗ್ಗಿ ಬಂತು. ಬೇಡ ಹೆದೆಯನ್ನು ಕಿವಿಯವರೆಗೆ ಎಳೆದು ಬಿಟ್ಟ. ಬಿದಿರಿನಲ್ಲಿ ಮರಳಿ ಚಿಮ್ಮುವ ಶಕ್ತಿಯೇ ಉಳಿದಿರಲಿಲ್ಲ. ಬಾಣ ಹಂದಿಯ ಮುಂದೆ ನೆಲಕ್ಕೆ ಬಿತ್ತು. ಹಂದಿ ನಿಲ್ಲಲಿಲ್ಲ, ಅದರ ಕೋರೆ ಬೇಡನ ಹೊಟ್ಟೆಯನ್ನು ಸೀಳಿತು.

“ಏಳು ಒಡೆಯಾ, ಇನ್ನೊಂದು ಬಾಣ ಹೂಡು! ನಾನು ಸಿದ್ಧ!” ಎಂದು ಬಿಲ್ಲು ಹುಲ್ಲಿನಲ್ಲಿ ಬಿದ್ದಲ್ಲಿಂದಲೇ ಕೂಗಿತು.

“ನೀನು ಯಾವಾಗಲೂ ಸಿದ್ಧ, ಅಣ್ಣ,” ಎಂದಿತು ಹೆದೆ. “ಅವನು ಉಸಿರಾಡುತ್ತಿಲ್ಲ.”