ಹಸಿರು ದಾರದ ಟೋಪಿ

ಹಿರಿಯ ಗುರುಗಳು ನೆರೆಗೆ ಸಿಕ್ಕ ದೋಣಿಯವರನ್ನು ಉಳಿಸಲು ಹೊಳೆಗೆ ಹಾರಿ ಪ್ರಾಣ ಬಿಟ್ಟಾಗ ಅವರ ಕೊರಳಲ್ಲಿದ್ದದ್ದು ಇದೇ ರುದ್ರಾಕ್ಷಿ ಸರ ಎಂದು ಮಠದಲ್ಲಿ ಎಲ್ಲರೂ ನಂಬಿದ್ದರು. ಸರ ಬೆಳ್ಳಿಯ ಪೆಟ್ಟಿಗೆಯಲ್ಲಿತ್ತು. ದೀಕ್ಷೆ ಪಡೆಯುವವನ ಕೊರಳಿಗೆ ಅದನ್ನು ಒಮ್ಮೆ ಹಾಕಿ ತೆಗೆಯುವುದು ಪದ್ಧತಿ. ಹಾಕಿದೊಡನೆ ಭಯ ಬಿಟ್ಟುಹೋಗುತ್ತದೆ ಎನ್ನುತ್ತಿದ್ದರು. ಬಿಟ್ಟುಹೋಗದವರು ಬಾಯಿ ಬಿಡುತ್ತಿರಲಿಲ್ಲ.

ದೀಕ್ಷೆಯ ಹಿಂದಿನ ದಿನ ಶಿಷ್ಯನೊಬ್ಬ ಆ ಪೆಟ್ಟಿಗೆಯನ್ನು ಹಿಡಿದುಕೊಂಡು ಗುರುಗಳ ಬಳಿ ಬಂದ.

“ಗುರುಗಳೇ, ಮನಸ್ಸು ಅಳುಕುತ್ತಿದೆ. ಈ ಸರ ಕೊರಳಿಗೆ ಬಿದ್ದರೆ ಅವರ ಧೈರ್ಯ ನನಗೂ ಬರುತ್ತದೆಯೇ? ಬರುವುದಿಲ್ಲ ಎಂದಾದರೆ ಈಗಲೇ ಊರಿಗೆ ಹೊರಟುಬಿಡುತ್ತೇನೆ.”

ಗುರುಗಳು ಪೂರ್ವಾಶ್ರಮದಲ್ಲಿ ಜರ್ಮನಿಯಲ್ಲಿ ಓದಿದವರು. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. “ಕೂತುಕೋ” ಎಂದು ಕತೆ ಹೇಳಿದರು.

ಜರ್ಮನಿಯ ಒಂದು ಬಂದರಿನ ಊರಿನಲ್ಲಿ ಒಬ್ಬ ಹಲ್ಲಿನ ವೈದ್ಯನಿದ್ದ. ನೌಕಾಪಡೆಯ ಹಳೆಯ ಟೋಪಿಗಳನ್ನು ಕೂಡಿಡುವುದು ಅವನ ಹುಚ್ಚು. ಹಡಗು ಹತ್ತಿದರೆ ಮಾತ್ರ ಅವನಿಗೆ ವಾಂತಿ. ಅಧಿಕಾರಿಗಳ ಜರಿಯಂಚಿನ ಟೋಪಿ, ನಾವಿಕರ ಬೇಸಿಗೆಯ ಬಿಳಿ ಟೋಪಿ, ಚಳಿಗಾಲದ ಕಡುನೀಲಿ ಟೋಪಿ, ಎಲ್ಲವೂ ಗಾಜಿನ ಕಪಾಟಿನಲ್ಲಿದ್ದವು. ನಾವಿಕನ ಟೋಪಿಗೆ ಸುತ್ತಲೂ ಒಂದು ಕಪ್ಪು ರಿಬ್ಬನ್ನು, ಅದರ ಮೇಲೆ ಅವನ ಹಡಗಿನ ಹೆಸರು. ಟೋಪಿಯೆಲ್ಲ ಒಂದೇ, ಬೆಲೆ ಹೆಸರಿಗೆ. ಕ್ಷೇಮವಾಗಿ ಮರಳಿದ ಹಡಗಿನ ಟೋಪಿಯನ್ನು ಯಾರೂ ಮೂಸಿ ನೋಡುತ್ತಿರಲಿಲ್ಲ. ಮುಳುಗಿದ ಹಡಗಿನದಾದರೆ ನೂಕುನುಗ್ಗಲು.

ಮೊದಲನೆಯ ಮಹಾಯುದ್ಧದಲ್ಲಿ ಒಂದು ಹಡಗು, ಹತ್ತಿದವರಲ್ಲಿ ಒಬ್ಬರೂ ಉಳಿಯದಂತೆ, ನಡುಸಮುದ್ರದಲ್ಲಿ ಮುಳುಗಿತ್ತು. ಅದರ ಟೋಪಿ ವೈದ್ಯನ ಬಳಿ ಇರಲಿಲ್ಲ. ಕಪಾಟು ತುಂಬಿದ್ದರೂ ಅವನಿಗೆ ಅದು ಖಾಲಿಯಾಗಿಯೇ ಕಾಣುತ್ತಿತ್ತು.

ಒಂದು ದಿನ ಹಳೆ ಸಾಮಾನಿನ ವ್ಯಾಪಾರಿ ಆ ಟೋಪಿಯನ್ನು ತಂದ. ವೈದ್ಯ ಭೂತಗನ್ನಡಿ ಹಿಡಿದು ನೋಡಿದ. ಬಟ್ಟೆ ಆ ಕಾಲದ್ದು. ಅಕ್ಷರ ನೇಯ್ದ ರೀತಿ ಸರಿ. ಒಳಗೆ ಪಡೆಯ ಮುದ್ರೆ ಇತ್ತು. ಒಳಪಟ್ಟಿಯನ್ನು ಮಾತ್ರ ಯಾರೋ ಹಸಿರು ದಾರದಲ್ಲಿ ಒರಟಾಗಿ ಹೊಲಿದಿದ್ದರು. ಅನುಮಾನವೇ ಇಲ್ಲ, ಸಾಚಾ ಮಾಲು.

ವ್ಯಾಪಾರಿ ಕಪಾಟಿನತ್ತ ಕೈ ತೋರಿಸಿ, “ಅಷ್ಟೂ ಕೊಟ್ಟರೆ ಇದು” ಎಂದ. ವೈದ್ಯ ಅಷ್ಟೂ ಕೊಟ್ಟ.

ಕಪಾಟಿನಲ್ಲಿ ಒಂದೇ ಟೋಪಿ ಉಳಿಯಿತು. ಊರೆಲ್ಲ ನೋಡಲು ಬಂತು. ಬಂದವರಿಗೆಲ್ಲ ವೈದ್ಯ ಹೇಳುತ್ತಿದ್ದ: “ಕೊನೆಯ ಗಳಿಗೆಯಲ್ಲಿ ಇದು ಒಬ್ಬ ವೀರನ ತಲೆಯ ಮೇಲಿತ್ತು. ಈ ಹಸಿರು ದಾರ ನೋಡಿ. ಸಮುದ್ರದ ನಡುವೆ ಬೇರೆ ದಾರ ಸಿಗದೆ ಅವನೇ ಕೂತು ಹೊಲಿದದ್ದು.” ಜನ ತಮ್ಮ ಟೋಪಿ ತೆಗೆದು ನಿಲ್ಲುತ್ತಿದ್ದರು. ಕೆಲವರು ಕಣ್ಣೊರೆಸಿಕೊಂಡರು.

ಹಲ್ಲು ಕೀಳಿಸಲು ಬಂದ ಮುದುಕಿಯೊಬ್ಬಳೂ ನೋಡಿದಳು. ಬಾಯಿಗೆ ತುರುಕಿದ್ದ ಹತ್ತಿಯನ್ನು ತೆಗೆದು ಹೇಳಿದಳು:

“ಡಾಕ್ಟರೇ, ಅದು ನನ್ನ ಕಿಟಕಿ ಪರದೆಯ ದಾರ. ಹೊಲಿದವಳೂ ನಾನೇ.”

“ಅಜ್ಜಿ, ಇದು ಆ ಹಡಗಿನದೇ ಟೋಪಿ. ಸಾಚಾ.”

“ಅಲ್ಲ ಎಂದವರು ಯಾರು? ನಮ್ಮ ಯಜಮಾನರು ಆ ಹಡಗಿನವರೇ. ಅದು ಹೊರಡುವ ದಿನ ಕುಡಿದು ಅಡುಗೆಮನೆಯಲ್ಲಿ ಬಿದ್ದಿದ್ದರು. ಹಡಗು ಹೋಯಿತು, ಇವರು ಉಳಿದರು. ಸಾಯುವ ತನಕ ಈ ಟೋಪಿ ಹಾಕಿಕೊಂಡೇ ಕೋಳಿಗೆ ಕಾಳು ಚೆಲ್ಲುತ್ತಿದ್ದರು. ಆಮೇಲೆ ಗುಜರಿಯವನಿಗೆ ಕೊಟ್ಟೆ.”

ವೈದ್ಯ ಕಪಾಟಿನ ಬಾಗಿಲು ತೆರೆದು ಟೋಪಿಯನ್ನು ಕೈಗೆತ್ತಿಕೊಂಡ.

“ಹಾಗಾದರೆ ಮುಳುಗಿದವರ ಟೋಪಿಗಳು ಎಲ್ಲಿ?”

“ಅವರ ತಲೆಯ ಮೇಲೆ,” ಎಂದಳು ಮುದುಕಿ. “ಇನ್ನೆಲ್ಲಿರುತ್ತವೆ?” ಹತ್ತಿಯನ್ನು ಮತ್ತೆ ಬಾಯಿಗಿಟ್ಟುಕೊಂಡು ಹೊರಟುಹೋದಳು.

ಶಿಷ್ಯ ಜೋರಾಗಿ ನಕ್ಕ. ಅಳುಕು ಅಷ್ಟು ಹೊತ್ತು ಮರೆತೇಹೋಗಿತ್ತು.

“ಅಷ್ಟು ಓದಿದವನಿಗೆ ಇಷ್ಟು ತಿಳಿಯಲಿಲ್ಲವೇ, ಗುರುಗಳೇ? ಕೈಯಲ್ಲಿ ಭೂತಗನ್ನಡಿ ಬೇರೆ!” ಎಂದು ಬೆಳ್ಳಿಯ ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡ.

ಗುರುಗಳು ಪೆಟ್ಟಿಗೆಯನ್ನು ನೋಡಿ ಹೇಳಿದರು:

“ಹಿರಿಯ ಗುರುಗಳ ದೇಹ ಸಿಗಲೇ ಇಲ್ಲ.”